ಮನೆಗೊಂದು ಮಡಿಸುವ ಟ್ರೆಡ್‌ಮಿಲ್

ನಡೆಯುವುದಕ್ಕೂ ಒಂದು ಯಂತ್ರ ಬೇಕೇ ಎಂದು ನಗುವವರ ಸಾಲಿನಲ್ಲಿ ಹೋದ ವರ್ಷದವರೆಗೆ ನಾನೂ ಇದ್ದೆನು. ದೇವರು ಎರಡು ಕಾಲು ಕೊಟ್ಟಿದ್ದಾನೆ, ಊರಿನಲ್ಲಿ ರಸ್ತೆಯಿದೆ. ಹೀಗಿರುವಾಗ ಕಾಸು ಕೊಟ್ಟು ನಿಂತಲ್ಲೇ ನಡೆಯುವುದು ಉಳ್ಳವರ ವಿನೋದವೆಂದೇ ನನ್ನ ಎಣಿಕೆಯಾಗಿತ್ತು. ಈಗ ಅದೇ ಯಂತ್ರವನ್ನು ಕುರಿತು ಕಾಲೇಜಿನ ಪತ್ರಿಕೆಗೆ ಬರೆಯಲು ಕುಳಿತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿನಿಗೆ ಮೋಟಾರಿನ ಗೊಡವೆ ಏಕೆಂದು ನಮ್ಮ ಅಧ್ಯಾಪಕರು ಕೇಳಬಹುದು. ಆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ತಂದೆಯವರು ದರ್ಜಿ. ಮೂವತ್ತು ವರ್ಷಗಳಿಂದ ಅದೇ ಅಂಗಡಿ, ಅದೇ ಸ್ಟೂಲು. ಮೊದಲು ಕಾಲಿನಿಂದ ತುಳಿಯುವ ಮೆಷಿನ್ನಿತ್ತು. ಆರು ವರ್ಷಗಳ ಹಿಂದೆ ಅದಕ್ಕೆ ಕರೆಂಟಿನ ಮೋಟಾರು ಕೂರಿಸಿದರು. ಅಂದಿನಿಂದ ಕೆಲಸ ಚುರುಕಾಯಿತು, ಕಾಲು ನಿಂತಿತು. ಹೋದ ವರ್ಷ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಕಾಯಿಲೆ ಗೊತ್ತಾಯಿತು. ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ತಿಳಿಸಿತಷ್ಟೆ. ಆ ಹತ್ತು ಕೋಟಿಯಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದರು. ವೈದ್ಯರು ಮಾತ್ರೆ ಬರೆದುಕೊಟ್ಟು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕೆಂದರು. ವಾರಕ್ಕೆ ಕಡಿಮೆಯೆಂದರೆ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ ಲೆಕ್ಕ.

ತಂದೆಯವರು ರಸ್ತೆಯಲ್ಲಿ ನಡೆಯಲಿಲ್ಲವೆಂದಲ್ಲ. ಬೆಳಗಿನ ಬೆಳಕು ದರ್ಜಿಗೆ ಬೇಕೇ ಬೇಕು; ಕತ್ತರಿಸುವುದು, ದಾರದ ಬಣ್ಣ ಹೊಂದಿಸುವುದು ಎಲ್ಲವೂ ಆಗಲೇ. ಆದ್ದರಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡು ತಿಂಗಳು ನಡೆದರು. ಒಂದು ರಾತ್ರಿ ದೀಪವಿಲ್ಲದ ತಿರುವಿನಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದು, ಚರಂಡಿಯ ಕಲ್ಲಿಗೆ ಎಡವಿ ಬಿದ್ದರು. ಬಲಗೈ ಮಣಿಕಟ್ಟು ಊದಿ ಹದಿನೈದು ದಿನ ಕತ್ತರಿ ಹಿಡಿಯಲಾಗಲಿಲ್ಲ. ನಮ್ಮ ಮನೆಯಲ್ಲಿ ಆ ಕೈ ನಿಂತರೆ ಒಲೆ ನಿಂತಂತೆ. ಅಲ್ಲಿಗೆ ನಡಿಗೆಯೂ ನಿಂತಿತು.

ಟ್ರೆಡ್‌ಮಿಲ್ ತರೋಣವೆಂದವರು ಅಮ್ಮ. ಹಣವಿದ್ದದ್ದು ಒಂದೇ ಕಡೆ: ನನ್ನ ಎಂ.ಎ. ಪ್ರವೇಶಕ್ಕೂ ಹಾಸ್ಟೆಲಿಗೂ ಎಂದು ಚೀಟಿ ಎತ್ತಿ ಇಟ್ಟಿದ್ದ ಮೂವತ್ತು ಸಾವಿರ ರೂಪಾಯಿ. ಅಪ್ಪ ಬೇಡವೇ ಬೇಡವೆಂದರು. ಅಮ್ಮ ಬಿಡಲಿಲ್ಲ. ಕೊನೆಗೆ ಅಪ್ಪ ನನ್ನ ಕಡೆ ತಿರುಗಿ, “ಮನೇಲಿ ಓದಿರೋಳು ಅಂದ್ರೆ ನೀನೊಬ್ಬಳೇ ಕಣಮ್ಮ. ನಾಲ್ಕು ಕಡೆ ವಿಚಾರಿಸಿ ನೀನೇ ಹೇಳು. ನೀನು ಬೇಡ ಅಂದ್ರೆ ಬೇಡ,” ಎಂದರು. ಅಕ್ಕ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪರೀಕ್ಷೆಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ, ಇಂಥದೊಂದು ಬಂದಿರಲಿಲ್ಲ.

ಈ ಯಂತ್ರದ ಪೂರ್ವಚರಿತ್ರೆ ಅಷ್ಟೇನೂ ಮಂಗಳಕರವಲ್ಲ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರನು ಸೆರೆಮನೆಯ ಕೈದಿಗಳಿಗೆಂದು ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವೊಂದನ್ನು ಯೋಜಿಸಿದನು. ಕೈದಿಗಳು ಸಾಲಾಗಿ ನಿಂತು ತುಳಿಯುತ್ತ ಹೋದಂತೆ ಚಕ್ರ ತಿರುಗುವುದು; ತುಳಿಯುವವನು ಮಾತ್ರ ಇದ್ದಲ್ಲೇ ಇರುವನು. ಕೆಲವು ಕಡೆ ಆ ಶಕ್ತಿಯಿಂದ ಧಾನ್ಯ ಬೀಸಿದರು, ಮಿಲ್ ಎಂಬ ಹೆಸರು ಬಂದದ್ದು ಹಾಗೆ. ಎಷ್ಟೋ ಕಡೆ ಏನನ್ನೂ ಬೀಸದೆ ಬರಿದೆ ತುಳಿಸಿದರು. ಇಂಗ್ಲಿಷ್ ಸಾಹಿತ್ಯದ ನಮ್ಮ ಸಹಪಾಠಿಗಳು ಬಲ್ಲ ಆಸ್ಕರ್ ವೈಲ್ಡನೂ 1895ರಲ್ಲಿ ಶಿಕ್ಷೆಗೊಳಗಾದಾಗ ಅದನ್ನು ತುಳಿದವನೇ. ಚಲಿಸುವ ಪಟ್ಟಿಯ ಮೇಲೆ ನಡೆಸುವ ಇಂದಿನ ರೂಪ ಬೆಳೆದದ್ದು ವೈದ್ಯರ ಕೈಯಲ್ಲಿ. ಅಮೆರಿಕದ ಸಿಯಾಟಲ್ ನಗರದಲ್ಲಿ ಡಾ. ರಾಬರ್ಟ್ ಬ್ರೂಸ್ ಹೃದಯವನ್ನು ಪರೀಕ್ಷಿಸಲು ಇದನ್ನು ಬಳಸಿದರು. ನಮ್ಮ ಆಸ್ಪತ್ರೆಗಳಲ್ಲಿ ಟಿ.ಎಂ.ಟಿ. ಎಂದು ಕರೆಯುವುದು ಅದನ್ನೇ. ಅವರು ಗೊತ್ತುಮಾಡಿದ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ ಸುಮಾರು 2.7 ಕಿಲೋಮೀಟರ್ ವೇಗ, ನೂರಕ್ಕೆ ಹತ್ತರಷ್ಟು ಏರು. ಆಮೇಲೆ ಮೂರು ಮೂರು ನಿಮಿಷಕ್ಕೆ ಎರಡೂ ಏರುತ್ತವೆ. ಯಂತ್ರ ಮನೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. ಡಾ. ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ‘ಏರೋಬಿಕ್ಸ್’ ಎಂಬ ಪುಸ್ತಕ ಓದಿದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರು ಸಾಮಾನ್ಯರಿಗೆ ಎಟುಕುವ ಬೆಲೆಯಲ್ಲಿ ಅದನ್ನು ತಯಾರಿಸಲು ಹೊರಟರು.

ನಮ್ಮ ತಂದೆಯವರಿಗೂ ಟಿ.ಎಂ.ಟಿ. ಆಗಿತ್ತು. ಹೃದಯಕ್ಕೆ ತೊಂದರೆಯಿಲ್ಲವೆಂದು ತಿಳಿದ ಮೇಲೆಯೇ ನಾವು ಯಂತ್ರದ ಮಾತೆತ್ತಿದ್ದು. ಐವತ್ತು ದಾಟಿದವರೂ ಕಾಯಿಲೆಯಿರುವವರೂ ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಅಂದು ಹೊರಗೆ ಬಂದು ಅಪ್ಪ ಹೇಳಿದ್ದು ಒಂದೇ ಮಾತು: “ನೆಲವೇ ಹಿಂದಕ್ಕೆ ಓಡುತ್ತೆ ಕಣಮ್ಮ, ಕೈಗೆ ಹಿಡಿ ಇಲ್ಲದಿದ್ರೆ ಬಿದ್ದೇ ಹೋಗ್ತಿದ್ದೆ.” ಈ ಮಾತು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ನಮ್ಮ ಊರಿನ ಎರಡು ಅಂಗಡಿಗಳನ್ನು ನೋಡಿದೆನು, ಫೋನಿನಲ್ಲಿ ಹತ್ತಾರು ಯಂತ್ರಗಳ ವಿವರ ಓದಿದೆನು. ಮಡಿಸಿಡುವ ಅಗ್ಗದ ಯಂತ್ರಗಳ ಬೆಲೆ ಸುಮಾರು 15,000ದಿಂದ 30,000 ರೂಪಾಯಿ. ಅವೆಲ್ಲದರ ಮೇಲೂ ಎದ್ದು ಕಾಣುವುದು ಅಶ್ವಶಕ್ತಿಯ ಅಂಕಿ. ‘4 ಅಶ್ವಶಕ್ತಿ’ ಎಂದು ಅಂಗೈಯಗಲ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಪೀಕ್’ ಎಂದಿರುತ್ತದೆ. ಪೀಕ್ ಎಂದರೆ ಮೋಟಾರು ಕ್ಷಣಮಾತ್ರ ಮುಟ್ಟಬಲ್ಲ ತುದಿ. ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ನಿರಂತರ ಅಶ್ವಶಕ್ತಿಯೆನ್ನುತ್ತಾರೆ, ಅದು ಅದಕ್ಕಿಂತ ಬಹಳ ಕಡಿಮೆ. ಇದನ್ನು ಪರೀಕ್ಷಿಸಲು ಹೈಸ್ಕೂಲಿನ ಗಣಿತವೇ ಸಾಕು. ಒಂದು ಅಶ್ವಶಕ್ತಿಯೆಂದರೆ 746 ವಾಟ್. ನಾಲ್ಕಕ್ಕೆ 2,984 ವಾಟ್. ಅಂಗಡಿಯ ಹುಡುಗನನ್ನು ಇದಕ್ಕೆ ಯಾವ ಪ್ಲಗ್ಗು ಬೇಕೆಂದು ಕೇಳಿದೆನು. “ಸಾದಾ ಪ್ಲಗ್ ಸಾಕು ಮೇಡಂ, ಫ್ಯಾನ್ ಹಾಕ್ತೀರಲ್ಲ ಅದೇ,” ಎಂದನು. ಸಾದಾ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದರಿಂದ ಬರುವುದು ಹೆಚ್ಚೆಂದರೆ 1,380 ವಾಟ್, ಅಂದರೆ ಎರಡು ಅಶ್ವಶಕ್ತಿಗೂ ಕಡಿಮೆ. ಗೋಡೆಯಿಂದ ಎರಡು ಕುದುರೆ ಹೊರಟು ಯಂತ್ರದೊಳಗೆ ನಾಲ್ಕಾಗುವ ಪವಾಡವನ್ನು ಅವನಿಂದ ವಿವರಿಸಲಾಗಲಿಲ್ಲ, ಪಾಪ, ಅವನೂ ಸಂಬಳಕ್ಕೆ ನಿಂತವನು.

ಹಾಗೆಂದು ಚಿಕ್ಕ ಮೋಟಾರು ಕೆಟ್ಟದ್ದೆಂದು ಅರ್ಥವಲ್ಲ. ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುವವರಿಗೆ ಒಂದೂವರೆ ನಿರಂತರ ಅಶ್ವಶಕ್ತಿ ಸಾಕಾಗುತ್ತದೆ, ಓಡುವವರಿಗೆ ಸಾಲದು. ಆದರೆ ನಿಧಾನ ನಡೆದರೆ ಮೋಟಾರಿಗೆ ಶ್ರಮವೇ ಇಲ್ಲವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ತೂಕದ ಮನುಷ್ಯ ಬಹಳ ನಿಧಾನವಾಗಿ ನಡೆದಾಗ ಮೋಟಾರು ನಿಧಾನವಾಗಿ ತಿರುಗುತ್ತ ಹೆಚ್ಚು ಎಳೆಯಬೇಕಾಗುತ್ತದೆ. ಅದರ ಅಚ್ಚಿಗೇ ಕೂರಿಸಿದ ಫ್ಯಾನೂ ನಿಧಾನವಾಗುವುದರಿಂದ ಬಿಸಿ ಬೇಗ ಆರದು. ಆದ್ದರಿಂದ ಯಂತ್ರ ತಾಳುವ ತೂಕವೆಂದು ಬರೆದ ಅಂಕಿಯನ್ನು ನಂಬಿ ತುದಿಗೆ ಹೋಗಬಾರದು. ಅಪ್ಪನ ತೂಕ 74 ಕಿಲೋ. 90ರ ಯಂತ್ರ ಬೇಡ, 100ರದೋ 110ರದೋ ಇರಲಿ ಎಂದು ನಾನು ಗೊತ್ತುಮಾಡಿದೆನು.

ಅಂಗಡಿಯವರು ಹೇಳದ, ನಾವೇ ಅಳೆಯಬೇಕಾದ ಸಂಗತಿ ಪಟ್ಟಿಯ ಉದ್ದ. ಇಲ್ಲಿ ದರ್ಜಿಯ ಮನೆಯ ವಿದ್ಯೆ ಒದಗಿ ಬಂತು. ಒಂದು ಸಂಜೆ ಅಪ್ಪನಿಗೆ ಕಾಲು ತೊಳೆದುಕೊಂಡು ಒರೆಸಿಕೊಳ್ಳದೆ, ರೆಡ್‌ಆಕ್ಸೈಡ್ ನೆಲದ ಮೇಲೆ ಬಿರುಸಾಗಿ ನಡೆಯಲು ಹೇಳಿದೆನು. ಒದ್ದೆ ಹೆಜ್ಜೆಗಳು ಆರುವ ಮುಂಚೆ ಹಿಮ್ಮಡಿಯಿಂದ ಹಿಮ್ಮಡಿಗೆ ಟೇಪು ಹಿಡಿದರೆ 63 ಸೆಂಟಿಮೀಟರ್. ಪಾದದ ಉದ್ದ 25. ಎರಡೂ ಸೇರಿ 88. ನಡೆಯುವಾಗ ಮನುಷ್ಯ ಒಂದೇ ಕಡೆ ನಿಲ್ಲದೆ ಅಷ್ಟಿಷ್ಟು ಹಿಂದೆ ಮುಂದೆ ಸರಿಯುವುದರಿಂದ ಇನ್ನೊಂದು ಗೇಣು ಸೇರಿಸಿದರೆ 110 ಸೆಂಟಿಮೀಟರ್ ಉದ್ದದ ಪಟ್ಟಿ ಅವರಿಗೆ ಸಾಕು. ಅಗಲ 40 ಇದ್ದರೆ ನಡಿಗೆಗೆ ತೊಂದರೆಯಿಲ್ಲ. ಉದ್ದ ಕಾಲಿನವರೂ ಓಡುವ ಮನಸ್ಸಿರುವವರೂ 130ಕ್ಕೆ ಕಡಿಮೆಯಾದದ್ದನ್ನು ನೋಡಲೇಬಾರದು. ಅಷ್ಟು ಉದ್ದದ್ದು ಒಳ್ಳೆಯ ಮೋಟಾರಿನೊಡನೆ ಈ ಬೆಲೆಗೆ ಸಿಕ್ಕುವುದು ಕಷ್ಟ. ಅಂಥವರು ಕಾಲೇಜಿನ ಮೈದಾನಕ್ಕೆ ಬರುವುದೇ ಲೇಸು, ಅದಕ್ಕೆ ಶುಲ್ಕವಿಲ್ಲ.

ಮಂಚದ ಕೆಳಗೆ ತಳ್ಳಬಹುದಾದ, ಕೈಹಿಡಿಯಿಲ್ಲದ ತೆಳ್ಳನೆಯ ಯಂತ್ರಗಳೂ ಬಂದಿವೆ. ಬೆಲೆಯೂ ಕಡಿಮೆ, ಜಾಗವೂ ಕಡಿಮೆ. ನನಗೆ ಆಸೆಯಾದದ್ದು ನಿಜ. ಆದರೆ ಆಸ್ಪತ್ರೆಯಲ್ಲಿ ಅಪ್ಪ ಹೇಳಿದ ಮಾತು ನೆನಪಾಗಿ ಅದನ್ನು ಬಿಟ್ಟೆನು. ಹಿರಿಯರಿಗೆ ಮೊದಮೊದಲು ಕೈಗೆ ಆಸರೆ ಬೇಕು. ರೂಢಿಯಾದ ಮೇಲೆ ಬಿಡಬೇಕೆಂಬುದೂ ಅಷ್ಟೇ ಸರಿ. ಹಿಡಿಗೆ ಭಾರ ಬಿಟ್ಟು ನಡೆದರೆ ಪರದೆಯಲ್ಲಿ ಕಿಲೋಮೀಟರು ಬೀಳುತ್ತದೆಯೇ ಹೊರತು ಮೈಗೆ ಅಷ್ಟು ದಣಿವಾಗುವುದಿಲ್ಲ. ಪರದೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಎಷ್ಟು ಕ್ಯಾಲೊರಿ ಕರಗಿತೆಂದು ತೋರಿಸುವ ಅಂಕಿ ಬರಿಯ ಅಂದಾಜು. ತೂಕವನ್ನೇ ಕೇಳದ ಯಂತ್ರಕ್ಕೆ ಮೇಲೆ ನಿಂತವರು ಅಪ್ಪನೋ ನಾನೋ ಹೇಗೆ ತಿಳಿಯಬೇಕು? ಹಾಡು ಹೇಳುವ ಸ್ಪೀಕರು, ಫೋನಿನ ಜೋಡಣೆ ಇವಕ್ಕೆಂದು ಎರಡು ಮೂರು ಸಾವಿರ ಹೆಚ್ಚು ಕೊಡುವುದು ನಮ್ಮಂಥವರ ಕೆಲಸವಲ್ಲ.

ಇನ್ನು ಮಡಿಸುವ ವಿಚಾರ. ಮಡಿಸುವುದೆಂದರೆ ಛತ್ರಿಯಂತೆ ಮಡಿಸಿ ಮೂಲೆಗಿಡುವುದೆಂದು ನಾನು ಭಾವಿಸಿದ್ದೆನು. ನಲವತ್ತೈವತ್ತು ಕಿಲೋ ತೂಗುವ ಯಂತ್ರದ ಹಲಗೆಯನ್ನು ಮೇಲಕ್ಕೆತ್ತಿ ಕೊಂಡಿ ಹಾಕಬೇಕು. ಆಮೇಲೂ ಅದು ಚಿಕ್ಕ ಬೀರುವಿನಷ್ಟು ಜಾಗ ಹಿಡಿಯುತ್ತದೆ. ಇಳಿಸುವಾಗ ಧೊಪ್ಪನೆ ಬೀಳದಂತೆ ತಡೆಯುವ ಹೈಡ್ರಾಲಿಕ್ ದಂಡವಿದೆಯೇ ಎಂದು ನೋಡಲೇಬೇಕು. ಅಂಗಡಿಯಲ್ಲಿ ಹುಡುಗನು ಒಂದೇ ಕೈಯಲ್ಲಿ ಎತ್ತಿ ತೋರಿಸುವನು. ನಾವು ಅಮ್ಮನ ಕೈಯಲ್ಲಿ ಎತ್ತಿಸಿ ನೋಡಿದೆವು, ಮನೆಯಲ್ಲಿ ಎತ್ತುವವರು ಅವರೇ ತಾನೆ. ತೀರ ಹಗುರವಾದದ್ದು ಎತ್ತಲು ಸುಲಭ, ಮೇಲೆ ನಡೆದಾಗ ಮಾತ್ರ ಹಳೆಯ ಬಸ್ಸಿನಂತೆ ಅಲುಗಾಡುತ್ತದೆ.

ಯಂತ್ರದ ಉದ್ದವಷ್ಟೇ ಜಾಗವಿದ್ದರೆ ಸಾಲದು. ಹಿಂದೆ ಎರಡು ಮೀಟರ್, ಅಕ್ಕಪಕ್ಕ ಅರ್ಧರ್ಧ ಮೀಟರ್ ಖಾಲಿ ಬಿಡಬೇಕು. ಕಾಲು ತಪ್ಪಿದವರನ್ನು ಪಟ್ಟಿ ಹಿಂದಕ್ಕೆ ಎಸೆಯುತ್ತದೆ. ಹಿಂದೆ ಗೋಡೆಯಿದ್ದರೆ ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುವ ಅಪಾಯ. ನಮ್ಮ ನಡುಮನೆ ಹತ್ತಡಿ. ಅಪ್ಪನ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಹಾಕಿ ನೋಡಿದರೆ ಯಾವ ರೀತಿಯಲ್ಲೂ ಹೊಂದಲಿಲ್ಲ. ಕೊನೆಗೆ ಯಂತ್ರದ ಬೆನ್ನನ್ನು ಪಡಸಾಲೆಯ ಬಾಗಿಲಿಗೆ ಮಾಡಿ, ನಡೆಯುವ ಹೊತ್ತಿನಲ್ಲಿ ಬಾಗಿಲು ತೆರೆದಿಡುವುದೆಂದು ನಿಶ್ಚಯಿಸಿದೆವು. ಆಗ ಅಮ್ಮನಿಗೆ ಹೊಳೆದದ್ದು ಅಕ್ಕನ ಮಗು. ಎರಡು ವರ್ಷದ ಹುಡುಗ ತೆರೆದ ಬಾಗಿಲಿನಿಂದ ನುಗ್ಗಿದರೆ ಮೊದಲು ಸಿಕ್ಕುವುದೇ ಓಡುವ ಪಟ್ಟಿ.

ಅಮ್ಮನ ಭಯ ಸುಳ್ಳಲ್ಲ. ಅಮೆರಿಕದಲ್ಲಿ 2021ರಲ್ಲಿ ಪೆಲೊಟಾನ್ ಕಂಪನಿಯ ಒಂದು ಬಗೆಯ ಟ್ರೆಡ್‌ಮಿಲ್ ಕೆಳಗೆ ಮಕ್ಕಳೂ ದೊಡ್ಡವರೂ ಸಾಕುಪ್ರಾಣಿಗಳೂ ವಸ್ತುಗಳೂ ಸಿಲುಕಿದ 70ಕ್ಕೂ ಹೆಚ್ಚು ಪ್ರಸಂಗಗಳು ವರದಿಯಾಗಿ, ಒಂದು ಮಗು ಸತ್ತು, ಸುಮಾರು 1,25,000 ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅದು 4,000 ಡಾಲರಿಗೂ ಮಿಕ್ಕಿದ ಬೆಲೆಯ ಯಂತ್ರ. ಹೆಚ್ಚು ಹಣ ಕೊಟ್ಟರೆ ಅಪಾಯ ತಪ್ಪುವುದೆಂಬ ಮಾತು ಅಲ್ಲಿಗೆ ಮುಗಿಯಿತು. ಅಗ್ಗದ ಯಂತ್ರಗಳಿಗೂ ದಾರಕ್ಕೆ ಕಟ್ಟಿದ ಒಂದು ಕೆಂಪು ಕೀಲಿ ಇರುತ್ತದೆ. ಅದರ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು ನಡೆಯಬೇಕು. ಬಿದ್ದರೆ ಕೀಲಿ ಕಿತ್ತು ಬಂದು ಯಂತ್ರ ನಿಲ್ಲುತ್ತದೆ, ಕೀಲಿಯಿಲ್ಲದೆ ಹೊರಡುವುದೂ ಇಲ್ಲ. ಕೊಳ್ಳುವಾಗ ಅದನ್ನು ಎಳೆದು, ತಕ್ಷಣ ನಿಲ್ಲುವುದೇ ಎಂದು ನೋಡಬೇಕು. ನಮ್ಮಲ್ಲಿ ಅಕ್ಕ ಬಂದ ದಿನಗಳಲ್ಲಿ ಯಂತ್ರ ಮಡಿಸಿಯೇ ಇರುವುದು, ಕೀಲಿ ಅಮ್ಮನ ಸಾಸಿವೆ ಡಬ್ಬಿಯಲ್ಲಿ.

ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 500 ವಾಟ್ ಎಳೆದರೂ ಅರ್ಧ ಗಂಟೆಗೆ ಕಾಲು ಯೂನಿಟ್, ತಿಂಗಳಿಗೆ ಏಳೂವರೆ. ಹೆದರಬೇಕಾದದ್ದು ಅರ್ಥಿಂಗಿಗೆ. ನಮ್ಮಂಥ ಹಳೆಯ ಬಾಡಿಗೆ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ತಂತಿ ಎಳೆಸಿ, ದೊಡ್ಡ ಪವರ್ ಪ್ಲಗ್ಗು ಹಾಕಿಸಲು ನಮಗೆ ಒಂದು ಸಾವಿರದ ಇನ್ನೂರು ರೂಪಾಯಿ ಆಯಿತು. ಯಂತ್ರದ ಬೆಲೆಗೆ ಇದನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಇನ್ನು ಗ್ಯಾರಂಟಿಯ ಕಾಗದದಲ್ಲಿ ಮೋಟಾರಿಗೆ ಎಷ್ಟು ವರ್ಷವೆಂದು ದಪ್ಪಗೆ ಬರೆದಿರುತ್ತಾರೆ. ವೋಲ್ಟೇಜು ಏರಿಳಿಯುವ ಊರಿನಲ್ಲಿ ಮೊದಲು ಸುಡುವುದು ಕಂಟ್ರೋಲರ್ ಬೋರ್ಡು; ಅದಕ್ಕೆ ಎಷ್ಟು ವರ್ಷ, ಕೆಟ್ಟರೆ ನಮ್ಮ ಊರಿಗೆ ಬಂದು ನೋಡುವವರು ಯಾರು, ಎಂದು ಕೇಳಿ ಬರೆಸಿಕೊಳ್ಳಬೇಕು. ನಾನು ಕೇಳಿದ ಒಂದು ಕಡೆ ಉತ್ತರವಾಗಿ ಒಂದು ಫೋನ್ ನಂಬರು ಕೊಟ್ಟರು. ಮೂರು ದಿನ ಮಾಡಿದೆನು, ಸಂಗೀತ ಕೇಳಿಸಿತು.

ಕೊನೆಗೆ ನಾವು ಹೊಸದನ್ನು ಕೊಳ್ಳಲಿಲ್ಲ. ಅಪ್ಪನ ಗಿರಾಕಿಯೊಬ್ಬರು ವರ್ಗವಾಗಿ ಹೋಗುವವರಿದ್ದರು; ಅವರ ಮನೆಯ ಟ್ರೆಡ್‌ಮಿಲ್ ಮೇಲೆ ಎರಡು ವರ್ಷದಿಂದ ಬಟ್ಟೆ ಒಣಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಈ ಯಂತ್ರಕ್ಕೆ ಅದೇ ಗತಿಯಾದ್ದರಿಂದ ಹಳೆಯದೆಂದು ಮಾರುವುದರಲ್ಲಿ ಸವೆಯದೆ ಇರುವುದೇ ಹೆಚ್ಚು. ಆದರೂ ಪರೀಕ್ಷಿಸಬೇಕು. ಅಪ್ಪನನ್ನೇ ಇಪ್ಪತ್ತು ನಿಮಿಷ ನಡೆಸಿ, ಸುಟ್ಟ ವಾಸನೆ ಬರುವುದೇ ಎಂದು ಮೂಸಿ ನೋಡಿದೆನು. ಯಂತ್ರವನ್ನು ನಿಲ್ಲಿಸಿ ಪ್ಲಗ್ಗು ಕಿತ್ತ ಮೇಲೆ ಪಟ್ಟಿಯನ್ನು ಎತ್ತಿ, ಕೆಳಗಿನ ಹಲಗೆ ಕಪ್ಪಗೆ ಸವೆದಿದೆಯೇ ಎಂದು ನೋಡಿದೆನು. ಪಟ್ಟಿಯ ಪೂರ್ತಿ ಸುತ್ತಳತೆ 250 ಸೆಂಟಿಮೀಟರ್. ಸೀಮೆಸುಣ್ಣದ ಗುರುತು ಹಾಕಿ, ಪರದೆಯಲ್ಲಿ 4 ಕಿಲೋಮೀಟರ್ ಇಟ್ಟು, ಗುರುತು ಒಂದು ನಿಮಿಷಕ್ಕೆ ಎಷ್ಟು ಸಲ ಬರುವುದೆಂದು ಎಣಿಸಿದೆನು: ಇಪ್ಪತ್ತಾರು. ಅಂದರೆ ನಿಮಿಷಕ್ಕೆ 65 ಮೀಟರ್, ಗಂಟೆಗೆ 3.9 ಕಿಲೋಮೀಟರ್. ಈ ಯಂತ್ರ ಸತ್ಯವಂತನೆಂದು ಅನ್ನಿಸಿತು. ಪಟ್ಟಿ ಮಾತ್ರ ಬಲಕ್ಕೆ ಸರಿಯುತ್ತಿತ್ತು. ಅದು ರೋಗವಲ್ಲ, ಹಿಂದಿನ ಉರುಳೆಯ ಬಲಗಡೆ ಬೋಲ್ಟನ್ನು ಆಲನ್ ಕೀಲಿಯಿಂದ ಕಾಲು ಸುತ್ತು ಬಿಗಿ ಮಾಡಿ, ಒಂದು ನಿಮಿಷ ಓಡಿಸಿ ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು. ಹೊಲಿಗೆ ಮೆಷಿನ್ನಿನ ಬೆಲ್ಟಿನೊಡನೆ ಮೂವತ್ತು ವರ್ಷ ಬಾಳಿದ ಅಪ್ಪ ನನ್ನ ಕೈಯಿಂದ ಕೀಲಿ ಕಸಿದುಕೊಂಡು ತಾವೇ ಸರಿಮಾಡಿದರು. ಬೆಲೆ ಒಂಬತ್ತೂವರೆ ಸಾವಿರಕ್ಕೆ ಇತ್ಯರ್ಥವಾಯಿತು.

ಮನೆಗೆ ತಂದ ಮಾರನೆಯ ದಿನವೇ ಅಪ್ಪ ಮೆಷಿನ್ ಎಣ್ಣೆಯ ಡಬ್ಬಿ ಹಿಡಿದು ಬಂದರು. ಓಡಿ ಹೋಗಿ ತಡೆದೆನು. ಪಟ್ಟಿಗೂ ಹಲಗೆಗೂ ನಡುವೆ ಸಿಲಿಕೋನ್ ಎಣ್ಣೆಯನ್ನೇ ಹಾಕಬೇಕು. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಆಗದು, ಪಟ್ಟಿ ಹಾಳಾಗುತ್ತದೆ. ಎಣ್ಣೆಯನ್ನೇ ಹಾಕದಿದ್ದರೆ ತಿಕ್ಕಾಟ ಹೆಚ್ಚಿ ಮೋಟಾರು ಹೆಚ್ಚು ಕರೆಂಟು ಎಳೆದು ಬೋರ್ಡು ಸುಡುತ್ತದೆ. ಅಗ್ಗದ ಯಂತ್ರಗಳಲ್ಲಿ ಅನೇಕವು ಸಾಯುವುದು ಹೀಗೆ, ಬೈಗುಳ ಮಾತ್ರ ಕಂಪನಿಗೆ.

ಕೈಪಿಡಿ, ತಂತಿ, ಎಣ್ಣೆ, ಸಾಗಣೆ, ಕೆಳಗೆ ಹಾಸುವ ರಬ್ಬರು ಎಲ್ಲ ಸೇರಿ ಹನ್ನೆರಡೂವರೆ ಸಾವಿರವಾಯಿತು. ಹದಿನೇಳೂವರೆ ಸಾವಿರ ಚೀಟಿ ಹಣ ಬ್ಯಾಂಕಿನಲ್ಲೇ ಇದೆ. ಪ್ರವೇಶದ ಶುಲ್ಕಕ್ಕೆ ಅದು ಸಾಕು, ಹಾಸ್ಟೆಲಿಗೆ ಸಾಲದು; ಸಂಜೆ ಅಂಗಡಿಯಲ್ಲಿ ಕಾಜಾ ಗುಂಡಿಯ ಕೆಲಸವನ್ನು ನಾನು ಹಚ್ಚಿಕೊಂಡಿದ್ದೇನೆ. ಅಪ್ಪ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಯಂತ್ರ ಹತ್ತುತ್ತಾರೆ. ಮೊದಲ ವಾರ ಗಂಟೆಗೆ ಎರಡೂವರೆ ಕಿಲೋಮೀಟರಿನಂತೆ ಹತ್ತು ನಿಮಿಷ, ಈಗ 3.8ರಲ್ಲಿ ಇಪ್ಪತ್ತೈದು ನಿಮಿಷ. ಒಮ್ಮೆ ಕೈಹಿಡಿಯ ಮೇಲೆ ಗಿರಾಕಿಯ ಅರ್ಧ ಹೊಲಿದ ಅಂಗಿ ತೂಗುತ್ತಿದ್ದುದನ್ನು ಅಮ್ಮ ಕಂಡು, ಏನೂ ಹೇಳದೆ ತೆಗೆದು ಮೊಳೆಗೆ ಹಾಕಿದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಗೆ ವೈದ್ಯರು ಬರುವ ತಿಂಗಳ ಮೊದಲ ಸೋಮವಾರ ಬರಹೇಳಿದ್ದಾರೆ. ಆ ವೇಳೆಗೆ ಈ ಸಂಚಿಕೆ ಅಚ್ಚಿನಲ್ಲಿರುವುದು.